ಪಾರ್ಟಿನ ದುಡ್ಡು, ಟಿಕೆಟ್ಟಿನ ದುಡ್ಡು

ಲಂಡನ್ನಿನ ದೊಡ್ಡ ಕ್ರೀಡಾಂಗಣವೊಂದರಲ್ಲಿ ನಡೆದ ರಾಕ್ ಸಂಗೀತದ ಕಾರ್ಯಕ್ರಮಕ್ಕೆ 150 ಪೌಂಡ್ ತೆತ್ತು ಹೋಗಿಬಂದ ಸಂಗತಿಯನ್ನು, ಸ್ವಲ್ಪ ಜಂಬದಿಂದಲೇ, ಊರಿನ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. ಅದು ರೂಪಾಯಿ ಲೆಕ್ಕದಲ್ಲಿ ಹದಿನಾರು ಸಾವಿರ ದಾಟುತ್ತದೆಂದು ತಿಳಿದ ಮೇಲೆ ಅವರು, ಅಷ್ಟಕ್ಕೆ ಕುರ್ಚಿಯಾದರೂ ಹಾಕಿದ್ದರೇ ಎಂದು ವಿಚಾರಿಸಿದರು. ಇಲ್ಲ, ನಿಂತೇ ನೋಡಬೇಕು ಎಂದೆ. "ಅಲ್ಲ ಕಣಪ್ಪಾ, ನಾನು ದುಡ್ಡು ಕೊಟ್ಟು ಸ್ಟೇಜಿನ ಮೇಲೆ ನಿಂತ್ಕೊತೀನಿ. ನೀನು ದುಡ್ಡು ಕೊಟ್ಟು ಕೆಳಗೆ ನಿಂತ್ಕೊಂಡು ಬಂದ್ಯಾ?" ಎಂದುಬಿಟ್ಟರು.

ಚಿಕ್ಕಪ್ಪ ನಮ್ಮ ಗುಬ್ಬಿ ತಾಲ್ಲೂಕಿನ ಊರಿನಲ್ಲಿ ಕುರುಕ್ಷೇತ್ರ ನಾಟಕದ ದುರ್ಯೋಧನನ ಪಾರ್ಟು ಮಾಡಿದವರು. ಅಲ್ಲಿ ಪಾರ್ಟು ಬೇಕಾದವರೇ ದುಡ್ಡು ಕಟ್ಟಬೇಕು. ಅದಕ್ಕೆ ನಲವತ್ತು ಸಾವಿರ ಕಟ್ಟಿದ್ದರು. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಶಕುನಿಗೆ ಅದಕ್ಕಿಂತ ಕಡಿಮೆ, ಒಂದೇ ಸೀನಿನಲ್ಲಿ ಬಂದು ಹೋಗುವವನಿಗೆ ಇನ್ನೂ ಕಡಿಮೆ. ಹೀಗೆ ಕೂಡಿದ ಹಣದಲ್ಲಿ ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಯವರಿಗೆ, ದ್ರೌಪದಿಯಾಗಿ ಹೊರಗಿನಿಂದ ಬರುವ ಕಲಾವಿದೆಗೆ ಎಲ್ಲ ಹಂಚಿಕೆಯಾಗಬೇಕು. ನೋಡುವವರಿಗೆ ಮಾತ್ರ ಒಂದು ಪೈಸೆಯೂ ಖರ್ಚಿಲ್ಲ. ಚಾಪೆ, ಕಂಬಳಿ ತಂದುಕೊಂಡರೆ ಬೆಳಗಿನ ಜಾವ ಭೀಮನ ಗದೆ ಎದ್ದೇಳುವವರೆಗೆ ಕೂರಬಹುದು, ಮಲಗಬಹುದು, ಮೆಚ್ಚಿದ ಕಂದಪದ್ಯಕ್ಕೆ ಒನ್ಸ್ ಮೋರ್ ಕೂಗಬಹುದು. ಚಿಕ್ಕಪ್ಪ ಹೊಲದ ಕೆಲಸ ಮುಗಿಸಿ ತಿಂಗಳುಗಟ್ಟಲೆ ರಾತ್ರಿ ತಾಲೀಮಿಗೆ ಹೋದರು, ಶ್ರುತಿ ತಪ್ಪಿದಾಗಲೆಲ್ಲ ಮೇಷ್ಟ್ರಿಂದ ಬೈಸಿಕೊಂಡರು, ಕೊನೆಗೆ ಕಿರೀಟ ಇಟ್ಟುಕೊಂಡು ನಿಂತಾಗ ಬೀಗರು ರಂಗಕ್ಕೇ ಹತ್ತಿ ನೋಟಿನ ಹಾರ ಹಾಕಿದರು. ನಲವತ್ತು ಸಾವಿರಕ್ಕೆ ಇಷ್ಟೆಲ್ಲ ಬಂದಿತು.

ನನ್ನ 150 ಪೌಂಡಿಗೆ ಬಂದದ್ದನ್ನೂ ಹೇಳಬೇಕು. ಅದರಲ್ಲಿ 25 ಪೌಂಡ್ ಸರ್ಕಾರಕ್ಕೆ ಹೋಗುತ್ತದೆ, ಏಕೆಂದರೆ ಬ್ರಿಟನ್ನಿನಲ್ಲಿ ಇಂಥ ಟಿಕೆಟ್ಟಿನ ಮೂಲಬೆಲೆಯ ಮೇಲೆ ಶೇ 20ರ ತೆರಿಗೆ ಇದೆ, 125ಕ್ಕೆ 25. ಹಾಡುವವರು ಹೆಬ್ಬೆರಳಿನಷ್ಟು ಕಾಣುವ ದೂರದಲ್ಲಿ ನಿಂತು, ಅವರನ್ನು ಬಿಟ್ಟು ಪಕ್ಕದ ಪರದೆಯನ್ನು ನೋಡಿಕೊಂಡು ಎರಡು ಗಂಟೆ ಕಳೆದೆ. ಇದಾದರೂ ಮೊದಲೇ ಹೇಳಿದ ಬೆಲೆಗೆ ಸಿಕ್ಕಿತೆಂಬುದೇ ಸಮಾಧಾನ. 2024ರ ಆಗಸ್ಟ್ ಕೊನೆಯಲ್ಲಿ ಬ್ರಿಟನ್ನಿನ ಓಯಸಿಸ್ ರಾಕ್ ತಂಡ ಹದಿನೈದು ವರ್ಷಗಳ ಮುನಿಸು ಮರೆತು ಮತ್ತೆ ಹಾಡುವುದಾಗಿ ಹೇಳಿ ಟಿಕೆಟ್ ಮಾರಾಟಕ್ಕಿಟ್ಟಾಗ, ಸುಮಾರು 150 ಪೌಂಡಿನದೆಂದು ನಂಬಿ ಗಂಟೆಗಟ್ಟಲೆ ಆನ್‌ಲೈನ್ ಸರದಿಯಲ್ಲಿ ಕಾದವರಿಗೆ, ತಮ್ಮ ಸರದಿ ಬರುವ ಹೊತ್ತಿಗೆ ಅದೇ ನಿಲ್ಲುವ ಜಾಗ 350 ಪೌಂಡ್ ದಾಟಿತ್ತು. ಜನ ಗಲಾಟೆ ಮಾಡಿದರು, ವ್ಯಾಪಾರದಲ್ಲಿ ಮೋಸವಾಗದಂತೆ ನೋಡಿಕೊಳ್ಳುವ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ತನಿಖೆ ಆರಂಭಿಸಿತು. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. 2025ರ ಜನವರಿಯಲ್ಲಿ ನವಿ ಮುಂಬೈಯಲ್ಲಿ ಬ್ರಿಟನ್ನಿನದೇ ಕೋಲ್ಡ್‌ಪ್ಲೇ ತಂಡ ಹಾಡಿದಾಗ ಟಿಕೆಟ್ಟಿನ ಮೂಲಬೆಲೆಯೇ 2,500ರಿಂದ 35,000 ರೂಪಾಯಿವರೆಗೆ ಇತ್ತು, ಕಾಳಸಂತೆಯ ಮಾತು ಬೇರೆ.

ಬೆಲೆ ಏರಿದ್ದಕ್ಕೆ ಕಾರಣವಿಲ್ಲದಿಲ್ಲ. ಕ್ಯಾಸೆಟ್ಟು, ಸೀಡಿ ಮಾರಿ ಬದುಕುತ್ತಿದ್ದ ಕಾಲ ಹೋಗಿ, ಹಾಡು ಮೊಬೈಲಿನಲ್ಲಿ ಬಿಟ್ಟಿಯಾಗಿಯೋ ಬಿಟ್ಟಿಗೆ ಸಮನಾಗಿಯೋ ಸಿಗತೊಡಗಿದ ಮೇಲೆ, ದೊಡ್ಡ ಕಲಾವಿದರ ಮುಖ್ಯ ಸಂಪಾದನೆ ವೇದಿಕೆಯದೇ ಆಯಿತು. ಪರದೆ, ಬೆಳಕು, ನೂರಾರು ಜನ, ಲಾರಿಗಳ ಸಾಲು ಇವೆಲ್ಲದರ ಖರ್ಚೂ ಅದರ ಮೇಲೆಯೇ ಬಿತ್ತು. ಇದನ್ನೆಲ್ಲ ನಾನು ಒಪ್ಪುತ್ತೇನೆ. ನನ್ನ ತಕರಾರು ಮೊತ್ತದ ಮೇಲಿಲ್ಲ. ಚಿಕ್ಕಪ್ಪ ನನಗಿಂತ ಹೆಚ್ಚೇ ಕೊಟ್ಟಿದ್ದಾರೆ, ಅದೂ ಕೊಬ್ಬರಿ ಮಾರಿದ ದುಡ್ಡಿನಲ್ಲಿ. ಆದರೆ ಅವರ ಹಣ ಅವರನ್ನು ನಾಟಕದ ಒಳಗೆ ಸೇರಿಸಿತು, ನಾಲ್ಕು ಜನರ ಬಾಯಲ್ಲಿ ಅವರನ್ನು ವರ್ಷವಿಡೀ ದುರ್ಯೋಧನನನ್ನಾಗಿ ಉಳಿಸಿತು. ನನ್ನ ಹಣ ನನ್ನನ್ನು ಒಂದು ಬೇಲಿಯ ಹಿಂದೆ ನಿಲ್ಲಿಸಿತು. ಬೇಲಿಯ ಮುಂದಕ್ಕೆ ಹೋಗಬೇಕಾದರೆ ಬೇರೆ ದರ. ಇಲ್ಲಿ ಪ್ರತಿ ಹತ್ತು ಅಡಿಗೂ ಬೆಲೆಯಿದೆ. ಊರಿನಲ್ಲಿ ಶಾನುಭೋಗರ ಮನೆಯವರೂ ಕೂಲಿಯವರೂ ಒಂದೇ ಚಪ್ಪರದಡಿ ಕೂತು ಆಕಳಿಸುವುದನ್ನು ಕಂಡವನಿಗೆ ಈ ಅಳತೆ ಒಗ್ಗುವುದಿಲ್ಲ.

ಇಂಗ್ಲಿಷರಲ್ಲಿ ಎಲ್ಲವೂ ಹೀಗಿದೆ ಎಂದರೆ ಸುಳ್ಳಾಗುತ್ತದೆ. 1895ರಲ್ಲಿ ಆರಂಭವಾದ ಪ್ರಾಮ್ಸ್ ಎಂಬ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತೋತ್ಸವದಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಂಥ ಜಾಗದಲ್ಲಿ, 2024ರಲ್ಲಿಯೂ 8 ಪೌಂಡಿಗೆ ನಿಂತು ಕೇಳುವ ಅವಕಾಶವಿತ್ತು, ಅದೂ ವಾದ್ಯವೃಂದದ ಮುಂದೆಯೇ. ಅಲ್ಲಿ ನಿಂತು ನನಗೆ ಕಾಲು ನೋಯಲಿಲ್ಲ.

ಊರಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಇಷ್ಟವಿಲ್ಲದಿದ್ದರೂ. ಚಿಕ್ಕಪ್ಪನಿಗೆ ಕಂಠವಿಲ್ಲ. ಅವರು ಏರುಸ್ವರಕ್ಕೆ ಹೋದಾಗ ಮೇಷ್ಟ್ರು ಹಾರ್ಮೋನಿಯಂ ಜೋರುಮಾಡಿ ಮಾನ ಕಾಪಾಡುವುದು ಊರಿಗೆಲ್ಲ ಗೊತ್ತು. ಕಿರುಗುಟ್ಟುವ ಮೈಕು, ಅರ್ಧ ಗಂಟೆಗೊಮ್ಮೆ ಹಾರ ಹಾಕುವವರ ಸಾಲು, ದಾನಿಗಳ ಹೆಸರು ಓದುವುದು, ಇವನ್ನು ಎಂಟು ಗಂಟೆ ಸಹಿಸಬೇಕು. ಇದಕ್ಕಿಂತ ದೊಡ್ಡ ದೋಷ ಬೇರೆಯಿದೆ. ನಮ್ಮೂರಿನಲ್ಲಿ ನಿಜವಾಗಿ ಹಾಡಬಲ್ಲವನೊಬ್ಬ ತೆಂಗಿನಕಾಯಿ ಸುಲಿಯುವ ಕೆಲಸದವನು. ಕೃಷ್ಣನ ಅಷ್ಟೂ ಹಾಡುಗಳು ಅವನಿಗೆ ಬಾಯಿಪಾಠ. ಕಟ್ಟಲು ದುಡ್ಡಿಲ್ಲದ್ದರಿಂದ ಅವನಿಗೆ ಈವರೆಗೆ ದ್ವಾರಪಾಲಕನ ಪಾರ್ಟೂ ಸಿಕ್ಕಿಲ್ಲ. ನೋಡುವವರಿಂದ ಏನೂ ತೆಗೆದುಕೊಳ್ಳದ ನಾಟಕ ಆಡುವವರಲ್ಲಿ ದುಡ್ಡಿದ್ದವರನ್ನೇ ಆರಿಸಿಕೊಳ್ಳುತ್ತದೆ. 1884ರಲ್ಲಿ ಇದೇ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಹೆಸರಾದ ನಾಟಕ ಕಂಪನಿ ಟಿಕೆಟ್ ಮಾರಿಯೇ ನಟರಿಗೆ ಅನ್ನ ಹಾಕಿತು, ಹಾಡಬಲ್ಲವರನ್ನು ಹುಡುಕಿ ತಂದು ಹಾಡಿಸಿತು, ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ತಂದಿತು. ಮುಂದಿನ ಸಲ ತಲೆಗೆ ನೂರು ರೂಪಾಯಿ ಟಿಕೆಟ್ ಇಟ್ಟು ಆ ಕಾಯಿ ಸುಲಿಯುವವನಿಗೆ ಕೃಷ್ಣನ ಪಾರ್ಟು ಕೊಡಿ ಎಂದು ಚಿಕ್ಕಪ್ಪನಿಗೆ ಹೇಳಿದ್ದೇನೆ. ಟಿಕೆಟ್ ಇಟ್ಟರೆ ಯಾರೂ ಬರುವುದಿಲ್ಲ ಎನ್ನುವುದು ಅವರ ವಾದ, ಮತ್ತು ಆ ವಾದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.