ಉಳಿದಿರುವ ಶ್ರವಣಶಕ್ತಿಗೇ ಹೆಚ್ಚು ಕಾವಲು ಬೇಕು

ಕಿವಿ ಮಂದವಿರುವ ಮಗು ಶೂಟಿಂಗ್ ಕಲಿಯಲು ಹೊರಟಾಗ ಮನೆಯವರು, ಕೆಲವೊಮ್ಮೆ ತರಬೇತುದಾರರು ಕೂಡ, ಆಡುವ ಒಂದು ಮಾತು ಪುಣೆಯಲ್ಲಿ ನನ್ನ ಕಿವಿಗೆ ಮತ್ತೆ ಮತ್ತೆ ಬೀಳುತ್ತದೆ: "ಹೇಗೂ ಸರಿಯಾಗಿ ಕೇಳಿಸುವುದಿಲ್ಲವಲ್ಲ, ಗುಂಡಿನ ಸದ್ದಿನಿಂದ ಇನ್ನೇನು ಹಾಳಾಗಲಿಕ್ಕಿದೆ?" ಶ್ರವಣತಜ್ಞೆಯಾಗಿ ಕೆಲಸ ಮಾಡುವ ನನಗೆ ಈ ಮಾತು ಪ್ರತಿ ಸಲವೂ ಸಂಕಟ ತರುತ್ತದೆ. ಆಡುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಆದರೆ ಮಾತು ಮಾತ್ರ ಪೂರ್ತಿ ತಪ್ಪು.

ಸದ್ದು ಕೇಳಿಸದಿರುವುದು ಬೇರೆ, ಸದ್ದಿನ ಒತ್ತಡ ಒಳಗಿವಿಯನ್ನು ತಾಕದಿರುವುದು ಬೇರೆ. ಹೆಚ್ಚಿನ ಮಕ್ಕಳಲ್ಲಿ ಕಾಯಂ ಶ್ರವಣದೋಷ ಬರುವುದು ಒಳಗಿವಿಯ ಸೂಕ್ಷ್ಮ ಕೂದಲುಕೋಶಗಳು ಅಥವಾ ಅಲ್ಲಿಂದ ಹೊರಡುವ ನರ ಕೆಟ್ಟಿರುವುದರಿಂದ. ಅಂಥ ಮಗುವಿಗೆ ಮೆಲುದನಿ ಕೇಳಿಸದೆ ಹೋಗಬಹುದು, ಆದರೆ ದೊಡ್ಡ ಸದ್ದು ಎಲ್ಲರಿಗೂ ತಾಕುವಷ್ಟೇ ಬಲವಾಗಿ ತಾಕುತ್ತದೆ. ಕೆಲವು ಮಕ್ಕಳಲ್ಲಂತೂ ಕೇಳಿಸಲು ಶುರುವಾಗುವ ಮಟ್ಟಕ್ಕೂ ಅಸಹನೀಯವೆನಿಸುವ ಮಟ್ಟಕ್ಕೂ ನಡುವಿನ ಅಂತರವೇ ಕಿರಿದಾಗಿರುತ್ತದೆ. ಸತ್ತ ಕೂದಲುಕೋಶ ಮತ್ತೆ ಹುಟ್ಟುವುದಿಲ್ಲ. ಶ್ರವಣಯಂತ್ರ ಕೆಲಸ ಮಾಡುವುದೂ ಉಳಿದಿರುವ ಕೋಶಗಳನ್ನು ನಂಬಿಕೊಂಡೇ ಆದ್ದರಿಂದ, ಈ ಮಗು ಇನ್ನೂ 10 ಡೆಸಿಬಲ್ ಕಳೆದುಕೊಂಡರೆ ಅದರ ಪರಿಣಾಮ ಮನೆಯ ಮಾತುಕತೆಯ ಮೇಲೆ, ತರಗತಿಯ ಪಾಠದ ಮೇಲೆ ನೇರವಾಗಿ ಆಗುತ್ತದೆ. ಒಂದೇ ಕಿವಿ ಚೆನ್ನಾಗಿರುವ ಮಗುವಾದರೆ ಆ ಕಿವಿಯ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ನಾನು ಒಪ್ಪುವುದಿಲ್ಲ.

ಎರಡನೆಯ ತಪ್ಪು ತಿಳಿವಳಿಕೆಯೆಂದರೆ ಶ್ರವಣಯಂತ್ರವೇ ಕಿವಿಯನ್ನು ಮುಚ್ಚಿರುತ್ತದೆ, ಅಷ್ಟು ಸಾಕು ಎನ್ನುವುದು. ಯಂತ್ರ ತಾನು ಹೊರಡಿಸುವ ಸದ್ದಿಗೆ ಮಿತಿ ಹಾಕಿಕೊಳ್ಳಬಲ್ಲದೇ ಹೊರತು ಅದರ ಪಕ್ಕದಿಂದ ನೇರವಾಗಿ ಒಳನುಗ್ಗುವ ಸದ್ದನ್ನು ತಡೆಯಲಾರದು. ಯಂತ್ರವನ್ನು ಕಿವಿಯೊಳಗೆ ಕೂರಿಸುವ ಅಚ್ಚಿನಲ್ಲಿ ಗಾಳಿಯಾಡಲು ಬಿಟ್ಟ ರಂಧ್ರ, ಮೆತ್ತನೆಯ ತೆರೆದ ತುದಿ, ಇವೆಲ್ಲ ಸದ್ದಿಗೆ ಬಾಗಿಲುಗಳೇ. ಯಂತ್ರವನ್ನು ಆಫ್ ಮಾಡಿ ಕಿವಿಯಲ್ಲೇ ಬಿಟ್ಟರೂ ಅದನ್ನು ರಕ್ಷಣಾ ಸಾಧನವೆಂದು ಲೆಕ್ಕಕ್ಕೆ ಹಿಡಿಯಬಾರದು. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಸಾಧನ) ಆಗಿರುವ ಮಗುವಿನ ಹೊರಗಿನ ಪ್ರೊಸೆಸರ್ ತೆಗೆದಿಟ್ಟಾಗಲೂ ಹಾಗೆಯೇ. ಆ ಕಿವಿಯಲ್ಲಿ ಸಹಜ ಶ್ರವಣ ಸ್ವಲ್ಪವಾದರೂ ಉಳಿದಿದ್ದರೆ ಅದಕ್ಕೂ ಕಾವಲು ಬೇಕು.

ಈಗ ಅಂಕಿಗಳ ಮಾತು. ವಿಶ್ವ ಆರೋಗ್ಯ ಸಂಸ್ಥೆ ಗುಂಡಿನಂಥ ಹಠಾತ್ ಸದ್ದಿನ ಗರಿಷ್ಠ ಮಿತಿಯನ್ನು ದೊಡ್ಡವರಿಗೆ 140 ಡೆಸಿಬಲ್, ಮಕ್ಕಳಿಗೆ 120 ಡೆಸಿಬಲ್ ಎಂದು ಹೇಳಿದೆ. ಸಣ್ಣ ಗುಂಡಿನ .22 ರೈಫಲ್‌ನ ಸದ್ದು ಹೊಡೆಯುವವರ ಕಿವಿಯ ಬಳಿ ಸುಮಾರು 140 ಡೆಸಿಬಲ್ ಮುಟ್ಟುತ್ತದೆ. ನಳಿಗೆ ಗಿಡ್ಡವಿರುವ ಪಿಸ್ತೂಲಿನದು ಅದಕ್ಕಿಂತಲೂ ಹೆಚ್ಚು. 140ಕ್ಕೂ 120ಕ್ಕೂ ನಡುವಿನ 20 ಡೆಸಿಬಲ್ ಎಂದರೆ ಒತ್ತಡದಲ್ಲಿ ಹತ್ತು ಪಟ್ಟಿನ ವ್ಯತ್ಯಾಸ. 10 ಮೀಟರ್ ಏರ್ ರೈಫಲ್‌ನ ಸದ್ದು ಇವೆಲ್ಲಕ್ಕಿಂತ ಬಹಳ ಕಡಿಮೆ, ಮಕ್ಕಳು ಅದರಿಂದಲೇ ಆರಂಭಿಸುತ್ತಾರೆ ಎನ್ನುವುದು ಸಮಾಧಾನದ ಸಂಗತಿ. ಆದರೂ ಅದೇ ಸಂಕೀರ್ಣದಲ್ಲಿ ಪಕ್ಕದಲ್ಲೇ .22 ನಡೆಯುತ್ತಿದ್ದರೆ, ಮಗು ತನ್ನ ಸರದಿಗಾಗಿ ಕಾಯುತ್ತಾ ಕುಳಿತಿರುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಬೇಕು.

ಕಿವಿಗಳನ್ನು ಎರಡು ಬಟ್ಟಲುಗಳಿಂದ ಮುಚ್ಚುವ ಇಯರ್‌ಮಫ್‌ನ ಪೆಟ್ಟಿಗೆಯ ಮೇಲೆ ಎನ್‌ಆರ್‌ಆರ್ (ಸದ್ದು ತಗ್ಗಿಸುವ ಪ್ರಮಾಣ) 30 ಎಂದು ಬರೆದಿದ್ದರೆ 30 ಡೆಸಿಬಲ್ ಪೂರ್ತಿ ಕಡಿಮೆಯಾಗುತ್ತದೆಂದು ನಂಬಬೇಡಿ. ಅದು ಪ್ರಯೋಗಾಲಯದ ಅಳತೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಬಳಸುವ ಒಂದು ಎಚ್ಚರಿಕೆಯ ಲೆಕ್ಕದಲ್ಲಿ ಆ ಅಂಕಿಯಿಂದ 7 ಕಳೆದು, ಉಳಿದದ್ದನ್ನು ಅರ್ಧ ಮಾಡುತ್ತಾರೆ. 30 ಇದ್ದದ್ದು 11.5ಕ್ಕೆ ಇಳಿಯುತ್ತದೆ. ಒಳಗೆ ಫೋಮ್ ಪ್ಲಗ್, ಮೇಲೆ ಮಫ್ ಎರಡನ್ನೂ ಹಾಕಿದರೆ ಅಂಕಿಗಳು ಕೂಡಿಕೊಳ್ಳುವುದಿಲ್ಲ, ಎರಡರಲ್ಲಿ ಹೆಚ್ಚಿನದಕ್ಕೆ ಸುಮಾರು 5 ಡೆಸಿಬಲ್ ಸೇರುತ್ತದೆ ಅಷ್ಟೆ. ಹಾಗಾಗಿ ಪೆಟ್ಟಿಗೆಯ ಅಂಕಿಗಿಂತ ಅದು ಆ ಮಗುವಿನ ತಲೆಗೆ ಎಷ್ಟು ಬಿಗಿಯಾಗಿ ಕೂರುತ್ತದೆ ಎನ್ನುವುದನ್ನೇ ನಾನು ಮೊದಲು ನೋಡುತ್ತೇನೆ.

ವಿಜಯಪುರದ ಕಡೆಯಿಂದ ಬಂದು ಪಿಂಪ್ರಿ-ಚಿಂಚವಡದಲ್ಲಿ ನೆಲೆಸಿದ ಒಂದು ಕುಟುಂಬದ ಹುಡುಗಿಯನ್ನು ನೋಡಲು ನಾನು ಬಾಲೇವಾಡಿಯ ರೇಂಜ್‌ಗೆ ಹೋಗಿದ್ದೆ. ಎರಡೂ ಕಿವಿಗೆ ಯಂತ್ರ, ಅದರ ಮೇಲೆ ಒಳ್ಳೆಯ ಮಫ್, ಜೊತೆಗೆ ಶೂಟಿಂಗ್ ಕನ್ನಡಕ. ನಿಂತಾಗ ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ಕೆನ್ನೆಯನ್ನು ರೈಫಲ್‌ನ ಹಿಡಿಗೆ ಒತ್ತಿದ ಕೂಡಲೇ ಬಲಗಡೆಯ ಬಟ್ಟಲು ಒಂದು ಬೆರಳಗಲ ಮೇಲೆ ಸರಿಯಿತು, ಕನ್ನಡಕದ ಕಡ್ಡಿಯ ಬಳಿ ಸಂದು ಬಿತ್ತು, ಒಳಗಿನ ಯಂತ್ರ ಸಣ್ಣಗೆ ಶಿಳ್ಳೆ ಹೊಡೆಯತೊಡಗಿತು. ಎಡಗಿವಿಯಾದರೋ ಬಲಗೈ ರೈಫಲ್ ಶೂಟರ್‌ಗಳಲ್ಲಿ ನಳಿಗೆಯ ಬಾಯಿಯ ಕಡೆಗೇ ತಿರುಗಿರುತ್ತದೆ. ತೆಳುವಾದ ಕಡ್ಡಿಯ ಕನ್ನಡಕ, ಕೆಳಭಾಗ ಕಿರಿದಾಗಿದ್ದು ಒಳಗೆ ಆಳವಿರುವ ಬಟ್ಟಲು, ಕೂದಲನ್ನು ಬಟ್ಟಲಿನಿಂದ ಹೊರಗೆ ಕಟ್ಟುವುದು, ಇಷ್ಟರಿಂದಲೇ ಶಿಳ್ಳೆ ನಿಂತಿತು, ಸಂದು ಮುಚ್ಚಿತು. ಅಂಗಡಿಯಲ್ಲಿ ನಿಂತು ಹಾಕಿನೋಡಿ ಕೊಳ್ಳುವುದಕ್ಕೆ ಅರ್ಥವಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಅದನ್ನು ಮಗುವಿನ ಆಡಿಯೋಗ್ರಾಮ್, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ, ಹೇಳಬೇಕು. ದೋಷ ಸೌಮ್ಯದಿಂದ ಮಧ್ಯಮವಾಗಿದ್ದರೆ ತರಬೇತಿಯಲ್ಲಿ ಎಲೆಕ್ಟ್ರಾನಿಕ್ ಮಫ್ ಉತ್ತಮ. ಅದು ಮೆಲುಮಾತನ್ನು ಹಿಗ್ಗಿಸಿ, ಸುಮಾರು 82ರಿಂದ 85 ಡೆಸಿಬಲ್ ದಾಟಿದ ಸದ್ದನ್ನು ಅದುಮುತ್ತದೆ. ಶ್ರವಣಯಂತ್ರವನ್ನು ತೆಗೆದು ಡಬ್ಬಿಯಲ್ಲಿಟ್ಟು ಇದನ್ನೇ ಹಾಕಬಹುದು. ದೋಷ ತೀವ್ರವಾಗಿದ್ದರೆ ಅದರ ಹಿಗ್ಗುವಿಕೆ ಸಾಲುವುದಿಲ್ಲ. ಆಗ ಕಿವಿಯ ಹಿಂದೆ ಕೂರುವ ಯಂತ್ರದ ಮೇಲೆ ಆಳವಾದ ಸಾಧಾರಣ ಮಫ್ ಹಾಕಿ, ಯಂತ್ರದಲ್ಲಿ ರೇಂಜ್‌ಗೆಂದೇ ಗರಿಷ್ಠ ಸದ್ದನ್ನು ತಗ್ಗಿಸಿದ ಒಂದು ಪ್ರತ್ಯೇಕ ಪ್ರೋಗ್ರಾಂ ಮಾಡಿಸಿಕೊಳ್ಳುವುದು ಒಳಿತು. ಛಾವಣಿಯಿರುವ ರೇಂಜ್‌ನಲ್ಲಿ .22 ಹೊಡೆಯುವಾಗ ಯಂತ್ರವನ್ನು ತೆಗೆದು, ಪ್ಲಗ್ ಮತ್ತು ಮಫ್ ಎರಡನ್ನೂ ಹಾಕಿಸಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಫೋಮ್ ಪ್ಲಗ್ಗನ್ನು ತೆಳ್ಳಗೆ ಹೊಸೆದು, ಕಿವಿಯ ಆಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತಳ್ಳಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು. ಅಳತೆಗೆ ಮಾಡಿಸಿದ ಅಚ್ಚಿನ ಪ್ಲಗ್ ಅನುಕೂಲವೇನೋ ಹೌದು, ಆದರೆ ಬೆಳೆಯುವ ಮಗುವಿನ ಕಿವಿಗೆ ಅದು ಬೇಗ ಸಡಿಲವಾಗುತ್ತದೆ.

ಇಷ್ಟು ಮುಚ್ಚಿದರೆ ಆಜ್ಞೆ ಹೇಗೆ ಕೇಳಿಸೀತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮನೆಯಲ್ಲಿ ಕನ್ನಡ, ರೇಂಜ್‌ನಲ್ಲಿ ಮರಾಠಿ, ಆಜ್ಞೆಗಳು ಇಂಗ್ಲಿಷಿನಲ್ಲಿ. ಆ ಹುಡುಗಿ ಮೂರನ್ನೂ ತುಟಿ ನೋಡಿ ಹಿಡಿಯಬಲ್ಲಳು, ಆದರೆ ಗುರಿಯ ಕಡೆ ಮುಖ ಮಾಡಿ ನಿಂತವಳಿಗೆ ಹಿಂದಿರುವವರ ತುಟಿ ಎಲ್ಲಿ ಕಾಣಬೇಕು? ಇದಕ್ಕೆ ಉತ್ತರ ಮಫ್ ಸಡಿಲಿಸುವುದರಲ್ಲಿಲ್ಲ, ಕಣ್ಣಿಗೆ ಕಾಣುವ ಸಂಕೇತದಲ್ಲಿದೆ. ಅವಳ ನೋಟದ ಅಂಚಿನಲ್ಲಿ ಒಂದು ಕೆಂಪು-ಹಸಿರು ದೀಪ ಇಟ್ಟರೆ 'ಸ್ಟಾರ್ಟ್', 'ಸ್ಟಾಪ್' ಎರಡೂ ತಲುಪುತ್ತವೆ. ದೀಪವಿಲ್ಲದಿದ್ದರೆ ತರಬೇತುದಾರರು ಮೊದಲೇ ಗೊತ್ತುಮಾಡಿಕೊಂಡ ಕಡೆಯಿಂದ, ಅವಳ ಕಣ್ಣಿಗೆ ಬೀಳುವಂತೆ ಕೈ ಎತ್ತಬೇಕು. ಬಂದೂಕು ಕೈಯಲ್ಲಿರುವವರನ್ನು ಹಿಂದಿನಿಂದ ತಟ್ಟಿ ಕರೆಯುವುದು ಯಾವ ಕಾರಣಕ್ಕೂ ಸಲ್ಲದು.

ಸ್ಪರ್ಧೆಯ ನಿಯಮಗಳನ್ನೂ ಮೊದಲೇ ನೋಡಿಕೊಳ್ಳಿ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ಸ್ಪರ್ಧೆಗಳಲ್ಲಿ ಸದ್ದು ಹಿಗ್ಗಿಸುವ ಮಫ್‌ಗಳನ್ನು ಸ್ಪರ್ಧಿಗಳು ಹಾಕುವಂತಿಲ್ಲ. ಶ್ರವಣದೋಷವುಳ್ಳವರು ಅಂಥದ್ದನ್ನು ಹಾಕಲು ಜ್ಯೂರಿಯ (ತೀರ್ಪುಗಾರರ ಮಂಡಳಿಯ) ಒಪ್ಪಿಗೆ ಪಡೆಯಬೇಕು. ಉತ್ತಮ ಕಿವಿಯಲ್ಲೂ ಕನಿಷ್ಠ 55 ಡೆಸಿಬಲ್ ದೋಷವಿರುವವರಿಗೆಂದೇ ನಡೆಯುವ ಅಂತರರಾಷ್ಟ್ರೀಯ ಕ್ರೀಡಾಕೂಟವಾದ ಡೆಫ್‌ಲಿಂಪಿಕ್ಸ್‌ನಲ್ಲಿ ಶ್ರವಣಯಂತ್ರವನ್ನೂ ಇಂಪ್ಲಾಂಟಿನ ಹೊರಭಾಗವನ್ನೂ ತೆಗೆದಿಟ್ಟೇ ಸ್ಪರ್ಧಿಸಬೇಕು. 2022ರಲ್ಲಿ ಬ್ರೆಜಿಲ್‌ನಲ್ಲಿ, ಮತ್ತೆ 2025ರಲ್ಲಿ ಟೋಕಿಯೋದಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದ ಹೈದರಾಬಾದಿನ ಧನುಷ್ ಶ್ರೀಕಾಂತ್ ಈ ನಿಯಮದಡಿಯೇ ಗೆದ್ದವರು. ಆದ್ದರಿಂದ ಯಂತ್ರವಿಲ್ಲದೆ, ದೀಪ ನೋಡಿ ಹೊಡೆಯುವ ಅಭ್ಯಾಸ ಎಳವೆಯಲ್ಲೇ ಆಗಲಿ.

ತರಬೇತಿ ಶುರುವಾಗುವ ಮೊದಲು ಒಂದು ಆಡಿಯೋಗ್ರಾಮ್ ಮಾಡಿಸಿಟ್ಟುಕೊಂಡು, ಆಮೇಲೆ ಕನಿಷ್ಠ ವರ್ಷಕ್ಕೊಮ್ಮೆ ಹೋಲಿಸಿ ನೋಡಿ. ಸದ್ದಿನ ಪೆಟ್ಟು ಹೆಚ್ಚಾಗಿ ಕಾಣಿಸಿಕೊಳ್ಳುವುದು 3000ದಿಂದ 6000 ಹರ್ಟ್ಸ್ ನಡುವೆ. ಅಭ್ಯಾಸ ಮುಗಿದ ಮೇಲೆ ಮಗು ಕಿವಿಯಲ್ಲಿ ಗುಂಯ್‌ಗುಡುತ್ತದೆ ಎಂದರೆ, ಯಂತ್ರದ ಸದ್ದು ಮಂಕಾಗಿದೆ ಎಂದರೆ, ಆ ವಾರ ರೇಂಜ್ ಬಿಟ್ಟು ಪರೀಕ್ಷೆಗೆ ಕರೆದೊಯ್ಯಿರಿ. ಮುಂಬೈಯವರಿಗೆ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಯಿದೆ, ರಜೆಗೆ ಊರಿಗೆ ಹೋಗುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಎಲ್ಲಿಗೆ ಹೋದರೂ ಹಳೆಯ ಆಡಿಯೋಗ್ರಾಮ್‌ಗಳ ಜೊತೆಗೆ ಮಗು ಹಾಕುವ ಮಫ್ ಮತ್ತು ಶೂಟಿಂಗ್ ಕನ್ನಡಕವನ್ನೂ ತೆಗೆದುಕೊಂಡು ಹೋಗಿ, ಅವೆಲ್ಲವನ್ನೂ ಒಟ್ಟಿಗೆ ಹಾಕಿಸಿ ಪರೀಕ್ಷಿಸಲು ಕೇಳಿ.