ಸೆಖೆಗೊಂದು ಶಾಲು

ಕಾರವಾರದ ಅಕ್ಟೋಬರ್ ಸೆಖೆ ಗೊತ್ತಲ್ವಾ? ಮಳೆ ಹೋಗಿರುತ್ತದೆ, ಚಳಿ ಬಂದಿರುವುದಿಲ್ಲ. ಸ್ನಾನ ಮಾಡಿ ಮೈ ಒರೆಸುವಷ್ಟರಲ್ಲಿ ಮತ್ತೆ ಬೆವರು. ಇಂಥ ಅಕ್ಟೋಬರ್ 18 ವಿಶ್ವ ಋತುಬಂಧ ದಿನ. ನಮ್ಮ ಕಡೆಯ ಒಂದು ಸಂಗೀತ ಸಭೆಯವರು ಆ ದಿನ 'ಹಾಡುವ ತಾಯಂದಿರಿಗೆ ಬೆಂಬಲ' ಎಂದು ಕಾರ್ಯಕ್ರಮ ಇಟ್ಟರು.

ವೇದಿಕೆ ಮೇಲೆ ಏಳು ಜನ. ಏಳೂ ಗಂಡಸರು. ಎಲ್ಲರೂ ತಾರ ಷಡ್ಜ, ಅಂದರೆ ಮೇಲಿನ 'ಸ', ಮುಟ್ಟಬಲ್ಲವರು, ಮುಟ್ಟು ಎನ್ನಲಾರರು. ಒಬ್ಬರು 'ಆ ಒಂದು ಹಂತ' ಎಂದರು. ಇನ್ನೊಬ್ಬರು 'ಸಂಧಿಕಾಲ' ಎಂದರು. ನಸುಕು-ಮುಸ್ಸಂಜೆಗೆ ಹಾಡುವ ಸಂಧಿಪ್ರಕಾಶ ರಾಗಗಳ ಬಗ್ಗೆ ಉಪನ್ಯಾಸ ಅಂದುಕೊಂಡು ತಬಲಾ ಹುಡುಗ ಪೆನ್ನು ತೆಗೆದ.

ನನಗೆ 51. ಈಸ್ಟ್ರೋಜನ್ ಹಾರ್ಮೋನು ಇಳಿದಾಗ ಧ್ವನಿತಂತುಗಳು ಒಣಗುವುದುಂಟು, ಕೆಲವರ ದನಿ ತುಸು ದಪ್ಪವಾಗುವುದೂ ಉಂಟು. ನನ್ನ ಶ್ರುತಿ ಹಾರ್ಮೋನಿಯಂನ ಕಪ್ಪು ನಾಲ್ಕನೇ ಮನೆಯಿಂದ ಬಿಳಿ ಐದಕ್ಕೆ ಇಳಿದಿದೆ. ಅರ್ಧ ಸ್ವರ, ಅಷ್ಟೇ. ಕಾರ್ಯದರ್ಶಿಗಳಿಗೆ ಹೇಳಿದೆ.

"ಛೆ, ಅದನ್ನೆಲ್ಲ ಹೊರಗೆ ಹೇಳಬೇಡಿ ಅಕ್ಕಾ. ಗಂಗೂಬಾಯಿ ಹಾನಗಲ್ ಅವರ ದನಿ ದಪ್ಪ ಇರಲಿಲ್ವಾ?"

ಆ ತಾಯಿಯ ದನಿ ದಪ್ಪವಾದದ್ದು ಟಾನ್ಸಿಲ್ ಚಿಕಿತ್ಸೆಯಿಂದ. ಆದರೆ ಇವರಿಗೆ ಹೆಂಗಸಿನ ಗಂಟಲಲ್ಲಿ ಏನೇ ಆಗಲಿ, ಗಂಗೂಬಾಯಿ ಒಬ್ಬರೇ ಔಷಧ.

ನನ್ನ ಹಾಡು ಬಂತು. ಏಳು ಭಾಷಣಕ್ಕೂ ತಿರುಗಿದ್ದ ಫ್ಯಾನು ಟಕ್ ಎಂದು ನಿಂತಿತು. "ಮೈಕಿಗೆ ಗಾಳಿ ಹೊಡೆಯುತ್ತೆ ಮೇಡಂ" ಎಂದ ಸೌಂಡಿನವ. ಭಾಷಣದ ಮೈಕಿಗೆ ಹೊಡೆಯುವುದಿಲ್ಲವೇನೋ. ರೇಷ್ಮೆ ಸೀರೆ, ಎದುರಿಗೆ ಎರಡು ಫೋಕಸ್ ಲೈಟು. ವಿಲಂಬಿತದ ಮೂರನೇ ಆವರ್ತನದಲ್ಲಿ ಒಳಗಿನಿಂದ ಬೆಂಕಿ ಎದ್ದಿತು. ಎದೆ, ಕುತ್ತಿಗೆ, ಕಿವಿ. ತಂಬೂರಿ ಮೇಲಿನ ಬೆರಳು ಜಾರಿತು. ಕುಂಕುಮ ಕರಗಿ ಮೂಗಿನ ತುದಿಗೆ ಬಂತು. ನನ್ನ ಕೆನ್ನೆ ಒದ್ದೆಯಾದದ್ದು ನೋಡಿ ಅಧ್ಯಕ್ಷರು ತಮ್ಮ ಕಣ್ಣು ಒರೆಸಿಕೊಂಡರು. ಭಕ್ತಿ ಉಕ್ಕಿತು ಅಂದುಕೊಂಡರಂತೆ.

ಆಮೇಲೆ ಸನ್ಮಾನ. ಬೆಂಬಲ ಅಂದರೆ ಅದೇ. ಶಾಲು ಹೊದಿಸಿದರು. ಉಣ್ಣೆಯದ್ದು! ಅದರ ಮೇಲೆ ಏಲಕ್ಕಿ ಹಾರ, ತಲೆಗೆ ಪೇಟ. ತೆಗೆಯಲು ಕೈ ಎತ್ತಿದೆ. "ಅಕ್ಕಾ, ಅಕ್ಕಾ, ಫೋಟೋ!" ಎಂದು ಏಳೂ ಜನ ಸುತ್ತ ಒತ್ತಿ ನಿಂತರು. ಕ್ಯಾಮೆರಾದವನ ಬ್ಯಾಟರಿ ಆಗಲೇ ಸಾಯಬೇಕಾ? ಅವನು ಬದಲಿಸುವವರೆಗೆ ನಾನು ಆ ಉಣ್ಣೆಯೊಳಗೆ ನಗುತ್ತಲೇ ಇದ್ದೆ. ಮನೆಯ ಕಪಾಟಿನಲ್ಲಿ ಇಂಥವು ಒಂಬತ್ತಿವೆ. ಹಿಮಾಲಯಕ್ಕೆ ಹೊರಟರೆ ನನಗೆ ಏನೂ ಕೊರತೆಯಿಲ್ಲ.

ಕೆಳಗಿಳಿದಾಗ ಕಾರ್ಯದರ್ಶಿಗಳು ಡೈರಿ ತೆರೆದರು. "ಮುಂದಿನ ವರ್ಷಕ್ಕೆ ಏನಾದರೂ ಸಲಹೆ ಇದ್ದರೆ ಹೇಳಿ ಅಕ್ಕಾ."

"ಒಂದು ಟೇಬಲ್ ಫ್ಯಾನ್ ಇಡಿ, ಸಾಕು. ಹಿಂದಿನಿಂದ, ಕೆಳಗೆ ಇಟ್ಟರೆ ಮೈಕಿಗೆ ತಾಗುವುದಿಲ್ಲ. ಒಂದು ತಂಬಿಗೆ ನೀರು. ಆಮೇಲೆ, ಆ ಟಾಯ್ಲೆಟ್ಟಿನ ಬಾಗಿಲಿಗೆ ಚಿಲಕ."

ಮೂರನ್ನೂ ಬರೆದುಕೊಂಡರು. ಫ್ಯಾನಿನ ಕೆಳಗೆ ಗೆರೆ ಎಳೆದರು.

"ನೋಡೋಣ ಅಕ್ಕಾ. ಈ ಸಲ ದುಡ್ಡೆಲ್ಲ ಶಾಲಿಗೇ ಹೋಯಿತು."