ಸತ್ಯಾಂಶ: ಮಕ್ಕಳು ಕಂಡದ್ದನ್ನು ಕಂಡ ಹಾಗೇ ನೆನಪಿಡುತ್ತವಾ?

‘ಪುಟ್ಟ ಮಕ್ಕಳಿಗೆ ಗಂಡು-ಹೆಣ್ಣು ಭೇದ ಗೊತ್ತಿಲ್ಲ, ಕಂಡದ್ದನ್ನು ಕಂಡ ಹಾಗೇ ಹೇಳುತ್ತವೆ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಕೇಳೋಕೆ ಚೆನ್ನಾಗಿದೆ, ಆದರೆ ಪೂರ್ತಿ ನಿಜವಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ಯಾರಲ್ ಮಾರ್ಟಿನ್ ಮತ್ತು ಚಾರ್ಲ್ಸ್ ಹಾಲ್ವರ್ಸನ್ ಐದಾರು ವರ್ಷದ ಮಕ್ಕಳಿಗೆ ಕೆಲವು ಚಿತ್ರ ತೋರಿಸಿದರು. ಅವರ ಅಧ್ಯಯನ ಪ್ರಕಟವಾದದ್ದು 1983ರಲ್ಲಿ. ಕೆಲವು ಚಿತ್ರ ರೂಢಿಯಂತೆ, ಕೆಲವು ಉಲ್ಟಾ: ಹುಡುಗಿ ಗರಗಸ ಹಿಡಿದು ಮರ ಕೊಯ್ಯುವಂಥದ್ದು. ಒಂದು ವಾರ ಬಿಟ್ಟು ಕೇಳಿದಾಗ ಉಲ್ಟಾ ಚಿತ್ರಗಳಲ್ಲೇ ಮಕ್ಕಳು ಜಾಸ್ತಿ ಎಡವಿದರು. ಚಿತ್ರದ ಹುಡುಗಿ ನೆನಪಲ್ಲಿ ಹುಡುಗನಾಗಿದ್ದಳು! ಮಕ್ಕಳು ಬೇಕಂತ ಸುಳ್ಳು ಹೇಳಿದ್ದಲ್ಲ. ನೆನಪೇ ಚಿತ್ರವನ್ನು ‘ಸರಿ’ ಮಾಡಿಬಿಟ್ಟಿತ್ತು.

ದೊಡ್ಡವರು ಇದರಿಂದ ಪಾರು ಅಂದುಕೊಳ್ಳಬೇಡಿ. ಯಾರು ಏನು ಹೇಳಿದರು ಅನ್ನೋದು ಮಸುಕಾದಾಗ ನಾವೂ ಊಹೆ ಬೆರೆಸುತ್ತೇವೆ. ವಯಸ್ಸಾದಂತೆ ಇದು ಇನ್ನಷ್ಟು ಹೆಚ್ಚಬಹುದು. ಮೀಟಿಂಗಿನಲ್ಲಿ ಲೆಕ್ಕದ ತಪ್ಪು ಹಿಡಿದವಳು ಅವಳು, ಆಮೇಲೆ ನೆನಪಾಗುವ ಹೆಸರು ಪಕ್ಕದಲ್ಲಿ ಕೂತವನದು. ಆಗೋದುಂಟು, ಅಲ್ವಾ?

ಹಾಗಂತ ಮಕ್ಕಳ ಮಾತೆಲ್ಲ ಸುಳ್ಳು ಅಂತಲ್ಲ. ಮಗು ‘ಡಾಕ್ಟರ್ ಅಂಕಲ್ ಸೂಜಿ ಚುಚ್ಚಿದ್ರು’ ಅಂದರೆ, ಚುಚ್ಚಿದ್ದು ನಿಜ ಇರುತ್ತದೆ. ಚುಚ್ಚಿದವರು ಡಾಕ್ಟರಮ್ಮ ಆಗಿರಬಹುದು, ಅಷ್ಟೇ.